ಸ್ಮಶಾನಕ್ಕೆ ಹಾರಿದ ಬೆಂಕಿ

ಇಪ್ಪತ್ತೆಂಟು ವರ್ಷ ನಾನು ಬೆಂಕಿ ಹಚ್ಚುವವರಿಗೆ ಸ್ಯಾಂಡ್‌ವಿಚ್ ಕಟ್ಟಿಕೊಟ್ಟವಳು. ಕಾನ್ಸಾಸ್‌ನ ನಮ್ಮ ಗುಡ್ಡಗಳಲ್ಲಿ ಏಪ್ರಿಲ್ ಬಂದರೆ ಒಣಹುಲ್ಲನ್ನು ಸುಡಬೇಕು. ಆಮೇಲೇ ದನಗಳಿಗೆ ಹೊಸ ಮೇವು. ಸುಡುವುದು ಗಂಡಸರ ಕೆಲಸ. ಈ ಸಲ ನನ್ನ ಗಂಡ ವರ್ನನ್‌ಗೆ ಮಂಡಿಯ ಆಪರೇಷನ್ ಆಗಿ, ಎಣ್ಣೆ ತೊಟ್ಟಿಕ್ಕುವ ಪಂಜು ನನ್ನ ಕೈಗೆ ಬಂತು. ನೆಲದ ಮೇಲೆ ಬೆಂಕಿಯ ಗೆರೆ ಎಳೆಯುತ್ತ ನಡೆದಾಗ, ಐವತ್ತಮೂರು ದಾಟಿದ ನನಗೆ ಸುಮ್ಮಸುಮ್ಮನೆ ನಗು ಉಕ್ಕುತ್ತಿತ್ತು.

ನಗುತ್ತಿದ್ದಾಗಲೇ ಗಾಳಿ ತಿರುಗಿತು. ಬೆಂಕಿ ಬೇಲಿ ಹಾರಿ ಚರ್ಚಿನ ಸ್ಮಶಾನದ ಅರ್ಧವನ್ನು ನೆಕ್ಕಿಬಿಟ್ಟಿತು.

ಸ್ಮಶಾನ ಸಮಿತಿಯ ಯಜಮಾನಿ ವರ್ನನ್‌ನ ಅಕ್ಕ ಆರ್ಡಿತ್. ನಮ್ಮ ಹುಲ್ಲುಗಾವಲಲ್ಲೂ ಅರ್ಧ ಪಾಲು ಅವಳದು.

"ಸತ್ತೋರನ್ನ ಎರಡನೇ ಸಲ ಸಾಯಿಸ್ದೆಯಲ್ಲೇ ವೆಲ್ಡಾ! ಮೇ ಕೊನೇಲಿ ಊರೆಲ್ಲ ಗೋರಿಗೆ ಹೂ ಇಡೋಕೆ ಬರತ್ತೆ. ಆವತ್ತೂ ಹೀಗೇ ಕರ್ರಗಿದ್ರೆ, ನೀನಿನ್ನು ಪಂಜು ಮುಟ್ಟೋ ಹಾಗಿಲ್ಲ."

"ಹೋಗ್ಲಿ ಬಿಡು," ಎಂದ ವರ್ನನ್. "ಮುಂದಿನ ವರ್ಷ ಹೇಗೂ ನನ್ನ ಮಂಡಿ ಸರಿಹೋಗಿರತ್ತೆ."

ಬೈಗುಳಕ್ಕಿಂತ ಆ ಸಮಾಧಾನವೇ ನನ್ನನ್ನು ಹೆಚ್ಚು ಸುಟ್ಟಿತು.

ಕರಿನೆಲದಲ್ಲಿ ಕತ್ತರಿಸಲು ಏನೂ ಇಲ್ಲವೆಂದು, ಶನಿವಾರ ಶನಿವಾರ ಓಡುತ್ತಿದ್ದ ಹುಲ್ಲು ಕತ್ತರಿಸುವ ಯಂತ್ರ ಆ ಬದಿಗೆ ಹೋಗಲಿಲ್ಲ. ಮುನಿಸಿನಿಂದ ಆರ್ಡಿತ್ ಕೂಡ ಹೋಗಲಿಲ್ಲ. ನಾನು ಮಾತ್ರ ದಿನಾ ಹೋಗಿ ನೆಲಕ್ಕೆ ಮೂಗು ಹಚ್ಚಿ ನೋಡುತ್ತಿದ್ದೆ. ಮೂರನೆಯ ವಾರ ಕಂಡ ಚಿಗುರು ಹುಲ್ಲಿನದಾಗಿರಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು, ಹುಡುಗಿಯ ಹಾಗೆ ಮನೆಗೆ ಓಡಿದೆ. ಯಾರಿಗೂ ಹೇಳಲಿಲ್ಲ.

ಮೇ ಕೊನೆಗೆ, ಗೋರಿಗೆ ಹೂ ಇಡುವ ದಿನ, ಆರ್ಡಿತ್ ತೋಳ ತುಂಬ ಪ್ಲಾಸ್ಟಿಕ್ ಹೂ ಹೊತ್ತು ಬಂದವಳು ಗೇಟಿನಲ್ಲೇ ನಿಂತಳು. ಮುತ್ತಜ್ಜಂದಿರ ಗೋರಿಕಲ್ಲುಗಳು ಮಂಡಿಯೆತ್ತರದ ಹೂವಿನಲ್ಲಿ ಮುಳುಗಿದ್ದವು. ಮೂರೆಸಳಿನ ನೀಲಿ, ಕಾಡುಗುಲಾಬಿ, ಮೇಣದಬತ್ತಿಯ ಹಾಗೆ ನಿಂತ ಕೆನೆಬಣ್ಣದ ಗೊಂಚಲು. ಆ ಕಲ್ಲುಗಳಿಗಿಂತ ಮೊದಲಿನಿಂದಲೂ ಬೇರು ಅಲ್ಲೇ ಇತ್ತು. ವಾರವಾರ ಕತ್ತರಿಸಿ, ತಲೆ ಎತ್ತಲು ನಾವು ಬಿಟ್ಟಿರಲಿಲ್ಲ.

"ನಮ್ಮಜ್ಜಿಗೆ ಮದುವೇಲೂ ಇಷ್ಟು ಹೂ ಸಿಕ್ಕಿರ್ಲಿಲ್ಲ!" ಎಂದು ಪಕ್ಕದ ಮನೆಯ ಮುದುಕ ಕ್ಲಿಟಸ್ ಟೊಪ್ಪಿ ತೆಗೆದು ನಕ್ಕ. ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು.

ಆರ್ಡಿತ್ ಮಾತ್ರ ಸುಡದ ಅರ್ಧಕ್ಕೆ ನಡೆದು, ನುಣ್ಣಗೆ ಬೋಳಿಸಿದ ಹುಲ್ಲಿನ ನಡುವಿನ ಗಂಡನ ಗೋರಿಯ ಮುಂದೆ ನಿಂತಳು. ಈ ಕಡೆ ನೋಡಿದಳು, ಆ ಕಡೆ ನೋಡಿದಳು.

"ಸುಡೋದೇನೋ ಸುಟ್ಟೆ. ನನ್ನ ಲಾಯ್ಡ್ ನಿನಗೇನೇ ಅನ್ಯಾಯ ಮಾಡಿದ್ದ? ಅವನೊಬ್ಬನ್ನ ಬೋಳು ಬಿಟ್ಟಿದೀಯ!"

"ಅಷ್ಟರಲ್ಲಿ ಎಲ್ಲಾ ಓಡಿಬಂದು ಆರಿಸ್ಬಿಟ್ರು, ಆರ್ಡಿತ್."

"ಯಾರಿಗೆ ಬೇಕಿತ್ತು ಆರಿಸೋದು? ಬರೋ ಏಪ್ರಿಲ್‌ಗೆ ಪಂಜು ಹಿಡ್ಕೊಂಡು ನೀನೇ ಬಾ. ವರ್ನನ್ ಬೇಡ. ಅವನು ಹುಷಾರಿನ ಮನುಷ್ಯ, ಬೇಲಿ ದಾಟಲ್ಲ."