ಎಲುಬು ಗಟ್ಟಿ ಅದಾವ ರೀ

ಹಾಲು ಹರಿದಂತಿದೆ ರಸ್ತೆಯ ಅಂಚಿನಲ್ಲಿ, ಹಾಲಲ್ಲ, ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದ ನೀರು, ಪಾಲಿಶ್ ಮಷೀನಿನ ಕೆಳಗಿಂದ ಬಂದು ಚರಂಡಿ ಸೇರುವ ಕಲ್ಲಿನ ನೀರು, ಆಟೋದ ಚಕ್ರ ಅದರಲ್ಲಿ ಇಳಿದು ಎದ್ದಾಗ ಪಕ್ಕದ ಹೆಂಗಸಿನ ಮೊಣಕೈ ನನ್ನ ಪಕ್ಕೆಗೆ ತಾಗಿತು, ಶಹಾಬಾದ ಬಂತು, ಇನ್ನು ಹತ್ತು ನಿಮಿಷಕ್ಕೆ ಶರಣಬಸಮ್ಮನ ಮುಖ ನೋಡಬೇಕು. ಹಾಲು ಕುಡಿದರೆ ಎಲುಬು ಗಟ್ಟಿ ಎಂದು ಸಾಲಿಯಲ್ಲಿ ಓದಿದ್ದೆ, ಅಷ್ಟೇ ಆಗಿದ್ದರೆ ಎಷ್ಟು ಸುಲಭವಿತ್ತು, ಎಲುಬಿನ ಈ ಸಂಶೋಧನೆಯೇ ಬೇಕಿರಲಿಲ್ಲ, ಅದಕ್ಕಾಗಿ ಯಂತ್ರ ಹೊತ್ತು ಮನೆಮನೆ ತಿರುಗುವ ನನ್ನ ಈ ನೌಕರಿಯೂ. ತೊಡೆಯ ಮೇಲಿನ ಚೀಲದಲ್ಲಿ ಫಾರಂ ಇದೆ, ನಾಲ್ಕು ಪುಟ, ವಾಡಿ ಬಿಟ್ಟಾಗಿನಿಂದ ಹನ್ನೊಂದನೇ ಪ್ರಶ್ನೆಯನ್ನು ಮೂರು ಸಲ ಓದಿದ್ದೇನೆ — ಎಲುಬಿನ ಪರೀಕ್ಷೆಯ ಫಲಿತಾಂಶವನ್ನು ಅವರಿಗೆ ತಿಳಿಸಲಾಗಿತ್ತೇ, ಹೌದು, ಇಲ್ಲ, ಎರಡು ಖಾಲಿ ಚೌಕ. ತಿಳಿಸಬಾರದು ಎಂಬುದು ನಿಯಮ, ಡಾಕ್ಟರ್ ಸಾಹೇಬರು ನೋಡಿ ಹೇಳುತ್ತಾರೆ ಅನ್ನಬೇಕು, ಅಷ್ಟೇ ಅನ್ನಬೇಕು. ನಾನು ತಿಳಿಸಿದ್ದೆ.

ಆರು ತಿಂಗಳಾಯಿತು, ಅವಳ ಊರು ತೆಂಗಳಿ, ಮಧ್ಯಾಹ್ನದ ಬಿಸಿಲು, ಐವತ್ತು ದಾಟಿದ ಶುಗರ್ ಇದ್ದವರ ಪಟ್ಟಿ ನನ್ನ ಕೈಯಲ್ಲಿ, ಬೆರಳಿಂದ ಒಂದು ಹನಿ ರಕ್ತ, ಆಮೇಲೆ ಎಲುಬಿನ ಸಾಂದ್ರತೆ ಅಳೆಯುವ ಆ ಸಣ್ಣ ಯಂತ್ರ. ಬಾಗಿಲಲ್ಲಿ ನಿಂತು ಹೆಸರು ಹೇಳಿದೆ, ಲುಂಬಿನಿ, ಯಾರ ಪೈಕಿ ಅಂದಳು ಶರಣಬಸಮ್ಮ, ಜಾತಿ ಹೇಳಿದೆ, ಆ ಪ್ರಶ್ನೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಯಂತ್ರವನ್ನು ಕಟ್ಟೆಯ ಮೇಲೇ ಇಟ್ಟು ಕೆಲಸ ಮುಗಿಸಿದ್ದೇನೆ, ಅವಳೂ ಒಮ್ಮೆ ಕಟ್ಟೆಯ ಕಡೆ ನೋಡಿದಳು — ಒಳಗ ಬಾರವ್ವ. ಮಂಚದ ಮೇಲೆ ಕೂಡಿಸಿದಳು, ರೊಟ್ಟಿ, ಪುಂಡಿಪಲ್ಯ, ಅವಳು ಕುಡಿಯುವಂಥದ್ದೇ ಲೋಟದಲ್ಲಿ ಚಹಾ, ನನ್ನ ಮನ್ಯಾಗ ಸಕ್ಕರಿ ಇಲ್ಲವ್ವ, ನನ್ನ ಜೋಡಿ ನೀನೂ ಸಪ್ಪಂದೇ ಕುಡಿ. ಅವಳ ಅಕ್ಕ ಬಿದ್ದು ಸೊಂಟದ ಚಪ್ಪೆ ಮುರಿದುಕೊಂಡು ಹಾಸಿಗೆಯಲ್ಲೇ ಹೋದಳಂತೆ, ಅಂದಿನಿಂದ ಇವಳು ಮಾಳಿಗೆ ಹತ್ತಿಲ್ಲ, ಎರಡು ವರ್ಷ, ಮೆಣಸಿನಕಾಯಿ ಒಣಹಾಕಲು ಸೊಸೆಯನ್ನು ಕಾಯಬೇಕು. ಯಂತ್ರದಲ್ಲಿ ನಂಬರು ಬಂತು, ಮೂವತ್ತು ವರ್ಷದವರಿಗೂ ಅಷ್ಟು ಚೆನ್ನಾಗಿ ಬರುವುದಿಲ್ಲ, ಏನದ ಹೇಳವ್ವ, ಏನದ ಅಂತ ನನ್ನ ಮೊಣಕಾಲು ಹಿಡಿದುಕೊಂಡಳು, ಎಲುಬು ಗಟ್ಟಿ ಅದಾವ ರೀ ಅವ್ವಾರ, ಅಂದುಬಿಟ್ಟೆ. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಈ ಸಂಶೋಧನೆಯ ಹಿರಿಯ ಡಾಕ್ಟರು ಸಂಗಮೇಶ್ವರ ಸರ್, ತರಬೇತಿಯ ಮೂರನೇ ದಿನ ಅದನ್ನೇ ಹೇಳಿದ್ದರು, ಶುಗರ್ ಇದ್ದವರಾಗ ಈ ನಂಬರ ಮೋಸ ಮಾಡ್ತದ, ತೂಕ ಇರ್ತದ, ಸಾಂದ್ರತಿ ಇರ್ತದ, ಆದರ ಎಲುಬಿನೊಳಗಿನ ಎಳಿಗಳಿಗಿ ಸಕ್ಕರಿ ಅಂಟಿ ಅಂಟಿ ಅವು ಬಿರುಸಾಗ್ತಾವ, ಒಣಗಿದ ತೊಗರಿ ಕಟಗಿ ನೋಡೀರಿಲ್ಲ, ನೋಡಲಿಕ್ಕ ಗಟ್ಟಿ, ಬಗ್ಗಿಸಿದ್ರ ಲಟಕ್ ಅಂತದ, ಯಾರದು ಮುರೀತದ ಯಾರದು ಇಲ್ಲ ಅಂತ ಮೊದಲೇ ಹ್ಯಾಂಗ ಹೇಳಬೇಕು, ಅದೇ ನಮ್ಮ ಪ್ರಶ್ನೆ. ಬರೆದುಕೊಂಡಿದ್ದೆ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ಎರಡನೇ ಮೆಟ್ಟಿಲು. ಶರಣಬಸಮ್ಮ ಮಾಳಿಗೆ ಹತ್ತಲು ಹೋಗಿ ನಿಚ್ಚಣಿಕೆಯ ಎರಡನೇ ಮೆಟ್ಟಿಲಿಂದ ಬಿದ್ದದ್ದು, ಅಷ್ಟು ಎತ್ತರದಿಂದ ಮಕ್ಕಳು ಬೇಕೆಂದೇ ಜಿಗಿಯುತ್ತಾರೆ, ಚಪ್ಪೆ ಮುರಿಯಿತು, ಒಳಗೆ ರಾಡು ಹಾಕಿ ಹನ್ನೆರಡು ದಿನ, ಈಗ ಶಹಾಬಾದದಲ್ಲಿ ಮಗಳು ಶಿವಗಂಗಾಳ ಮನೆಯಲ್ಲಿದ್ದಾಳೆ. ಮುಂಜಾನೆ ಸರ್ ಫೋನು, ಲುಂಬಿನಿ, ಈ ಕೇಸ್ ಭಾಳ ಮುಖ್ಯ ಅದ, ಸಾಂದ್ರತಿ ಚಲೋ ಇದ್ದೂ ಮುರದದ, ಇವತ್ತೇ ಹೋಗಿ ಫಾರಂ ತುಂಬಿಕೊಂಡು ಬಾ, ಅವರ ಧ್ವನಿಯಲ್ಲಿ ಸಂತೋಷವಿತ್ತು, ಸಂತೋಷ ಅನ್ನಬಾರದು, ಹುಡುಕುತ್ತಿದ್ದುದು ಸಿಕ್ಕವರ ಧ್ವನಿ ಅದು, ಕೆಟ್ಟವರಲ್ಲ ಅವರು, ನಾನು ಹೇಳಿಬಿಟ್ಟದ್ದು ಅವರಿಗೆ ತಿಳಿಯದು. ಹನ್ನೊಂದಕ್ಕೆ ಇಲ್ಲ ಎಂದರೆ ಮುಗಿಯಿತು, ಹೌದು ಎಂದರೆ ನೌಕರಿ ಉಳಿಯುತ್ತದೋ ಇಲ್ಲವೋ, ಆದರೆ ಇಲ್ಲ ಎಂದು ಬರೆದರೆ ಅವಳು ಮಾಳಿಗೆ ಹತ್ತಿದ್ದು ಯಾಕೆ ಎಂಬುದೇ ಆ ಕಾಗದದಲ್ಲಿ ಇರುವುದಿಲ್ಲ, ಮುದುಕಿ ಹತ್ತಿದಳು, ಬಿದ್ದಳು, ಅಷ್ಟೇ. ಅವ್ವ — ಥೂ, ನನ್ನ ಅವ್ವನ ಎಲುಬನ್ನೂ ಇದೇ ಯಂತ್ರದಲ್ಲಿ ನೋಡಿದ್ದೆನಲ್ಲ, ಯಂತ್ರ ಮನೆಗೆ ತಂದ ಮೊದಲ ದಿನ, ಹದಿನೈದು ವರ್ಷದ ಶುಗರ್ ಅವ್ವನದು, ಅವಳಿಗೂ ಅದೇ ಮಾತು ಹೇಳಿದ್ದೆ. ಫೋನು ಹಚ್ಚಿದೆ, ಎತ್ತಲಿಲ್ಲ, ಮತ್ತೆ ಹಚ್ಚಿದೆ, ಏಳು ಸಲ ಬಾರಿಸಿತು, ಎಂಟು, ಏನಾ ಲುಂಬಿನಿ, ನಳ ಬಂದಿತ್ತು, ಸ್ಟೂಲಿನ ಮ್ಯಾಲ ನಿಂತು ನೀರಿನ ಟಾಕಿ ತುಂಬಲಿಕತ್ತಿದ್ದೆ. ಇಳಿ ಅಂದೆ, ಆಟೋದಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅವ್ವ ನಕ್ಕಳು, ನೀನೇ ಹೇಳಿದಿ ಗಟ್ಟಿ ಅದಾವಂತ.

ಬಾಗಿಲು ತೆರೆದೇ ಇತ್ತು, ಶರಣಬಸಮ್ಮ ಮಂಚದ ಅಂಚಿಗೆ ಕೂತಿದ್ದಾಳೆ, ಮುಂದೆ ಹಿಡಿದು ನಡೆಯುವ ನಾಲ್ಕು ಕಾಲಿನ ಸ್ಟ್ಯಾಂಡು, ಸಣ್ಣಗಾಗಿದ್ದಾಳೆ, ಕಿವಿಯೋಲೆ ಮಾತ್ರ ಹಾಗೇ, ಬಂದ್ಯಾ, ಬಾ, ಕುಂದ್ರು, ಶಿವಗಂಗಾ, ನನ್ನ ಎಲುಬು ಗಟ್ಟಿ ಅದಾವಂದಾಕಿ ಈಕೀನೇ ನೋಡು. ಮಗಳು ನೋಡಿದಳು, ಚಹಾಕ್ಕಿಡಲು ಒಲೆಯ ಕಡೆ ಹೋದಳು. ಹೇಳಬೇಕು, ಚಹಾ ಬರುವ ಮೊದಲೇ ಹೇಳಬೇಕು, ಚಹಾ ಕುಡಿದ ಮೇಲೆ ಬಾಯಿ ಬರುವುದಿಲ್ಲ — ನಾ ಅದು ಹೇಳಬಾರದಿತ್ತು ರೀ ಅವ್ವಾರ, ನಂಬರ ಚಲೋ ಬಂದಿತ್ತು, ಆದರ ಶುಗರ್ ಇದ್ದವರಿಗಿ ಆ ನಂಬರ ನಂಬಲಿಕ್ಕ ಬರಂಗಿಲ್ಲ, ಅದು ನನಗ ಗೊತ್ತಿತ್ತು. ಹೊರಗೆ ಕಲ್ಲು ಕೊಯ್ಯುವ ಮಷೀನು ಒಂದೇ ಸಮನೆ ಕೂಗುತ್ತಿದೆ. ಗೊತ್ತಿದ್ದೂ ಯಾಕ ಹೇಳಿದಿ ಅಂದಳು, ಸಿಟ್ಟಿಲ್ಲದೆ, ನಿಜಕ್ಕೂ ತಿಳಿಯಬೇಕೆಂದು, ನೀವು ನನ್ನ ಒಳಗ ಕರದ್ರಿ ಅಂದೆ, ಅದೇ ಬಂತು ಬಾಯಿಗೆ. ಕರೀದೆ ಏನ್ ಮಾಡಲಿ, ಬಿಸಲಾಗ ನಿಂತಿದ್ದಿ ಅಂದಳು. ಫಾರಂ ತೆಗೆದೆ, ಒಂದೊಂದೇ ಕೇಳಿದೆ, ಹನ್ನೊಂದು ಬಂತು, ಓದಿ ಹೇಳಿದೆ, ಇಲ್ಲಂತ ಬರಕೋ ಅಂದಳು, ನಾ ಯಾರ ಮುಂದ ಹೇಳಲಿ, ಶಿವಗಂಗಾ ಒಲೆಯ ಹತ್ತಿರದಿಂದ, ಯಾಕವ್ವಾ, ಖರೇ ಇದ್ದಿದ್ದು ಬರೀಲಿ ಅಂದಳು. ಹೌದು ಎಂದು ಗುರುತು ಹಾಕಿದೆ, ಅದರ ಬದಿಗೆ ಬರೆದೆ, ಮಾತು ನಂಬಿ ಹತ್ತಿದರು, ಹೇಳಿದವಳು ನಾನು, ಸಹಿ. ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.

ಇವತ್ತೇ ಎದ್ದು ನಿಲ್ಲಬೇಕಂತ ರಾಡು ಹಾಕಿದ ಡಾಕ್ಟರು ಹೇಳಿದ್ದಾರಂತೆ, ಶಿವಗಂಗಾ ಬಂದು ಒಂದು ಕಡೆ ನಿಂತಳು, ಶರಣಬಸಮ್ಮ ನನ್ನ ಕಡೆ ತಿರುಗಿದಳು, ಈಗ ಖರೇ ಹೇಳು, ಈ ಇನ್ನೊಂದು ಕಾಲು ನನ್ನ ಹೊರತದೋ ಇಲ್ಲೋ. ಗೊತ್ತಿಲ್ಲ ರೀ. ನಿನ್ನ ಮಷೀನಿಗಿ? ಅದಕ್ಕೂ ಗೊತ್ತಿಲ್ಲ. ಹಂಗಾದ್ರ ಕೈ ಹಿಡಿ ಅಂದಳು. ಹಿಡಿದೆ, ಬಿಸಿ, ಒರಟು, ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು, ಭಾರ ನನ್ನ ಮೇಲೆ ಬರುತ್ತಿದೆ, ಮುರಿಯದ ಕಾಲಿನ ಪಾದ ಮಂಚದಿಂದ ಇಳಿಯುತ್ತಿದೆ, ಕೆಳಗೆ ಕರಿ ಫರಸಿ, ಈಗಷ್ಟೇ ಒರೆಸಿದ್ದು, ತೇವ ಆರಿದೆಯೋ ಇಲ್ಲವೋ, ಪಾದಕ್ಕೂ ನೆಲಕ್ಕೂ ನಡುವೆ ನಾಲ್ಕು ಬೆರಳು, ಮೂರು, ಒಳಗಿನ ಎಳೆಗಳು ಕಾಣುವಂತಿದ್ದರೆ, ಪಾದ, ಎರಡು ಬೆರಳು, ಫರಸಿಯ ಮೇಲೆ ಅದರ ನೆರಳು, ನೆರಳಿನ ಮೇಲೆ ಪಾದ, ಇನ್ನೂ ಊರಿಲ್ಲ, ಪಾದ —