ಬೆರಕಿ ಟ್ಯಾಂಕು

ಮೂರನೆಯ ಗಾಲಿಗೆ ಅಂಟು ಮುಟ್ಟಿಸಿ ಉಜ್ವಲಾ ಉಸಿರು ಬಿಗಿಹಿಡಿದಳು. ಚಿಮಟಿಗೆಯ ತುದಿಯಲ್ಲಿದ್ದ ಪ್ಲಾಸ್ಟಿಕ್ ಗಾಲಿ ಅಂಗಿಯ ಗುಂಡಿಯಷ್ಟೇ ಇತ್ತು. ಅದನ್ನು ಟ್ಯಾಂಕಿನ ಪಕ್ಕೆಗೆ ಒತ್ತಿ, ಹತ್ತು ಎಣಿಸಿ ಬಿಟ್ಟಳು. ನೆಟ್ಟಗೆ ಕೂತಿತು. ಕೂತದ್ದು ಮಾತ್ರ ತಪ್ಪು ಜಾಗದಲ್ಲಿ.

ಬೇಕೆಂದೇ ಮಾಡಿದ ತಪ್ಪು. ಟಿ-55 ಟ್ಯಾಂಕಿಗೆ ಒಂದೊಂದು ಮಗ್ಗುಲಿಗೆ ಐದು ಗಾಲಿ; ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಅಗಲವಾದ ಸಂದು. ಆ ಸಂದು ನೋಡಿಯೇ ಅದನ್ನು ಗುರುತು ಹಿಡಿಯಬೇಕು ಎಂದು ಗಂಡ ವೈಜನಾಥ ಅವಳಿಗೆ ಎಷ್ಟೋ ಸಲ ಹೇಳಿದ್ದ. ಇವತ್ತು ಅವಳು ಗಾಲಿ ಸಿಕ್ಕಿಸುವ ಮೊಳೆಗಳನ್ನೆಲ್ಲ ಬ್ಲೇಡಿನಿಂದ ಹೆರೆದು ತೆಗೆದು, ಐದನ್ನೂ ಸಮ ಅಂತರದಲ್ಲಿ ಅಂಟಿಸುತ್ತಿದ್ದಳು.

ವೈಜನಾಥ ಸೈನ್ಯದಲ್ಲಿ ದಫೇದಾರನಾಗಿದ್ದವನು. ರಾಜಸ್ಥಾನದ ಮರಳಿನಲ್ಲಿ ಹನ್ನೊಂದು ವರ್ಷ ಇದೇ ಟ್ಯಾಂಕು ಓಡಿಸಿದ್ದ. ಮರಾಠಿ ಗಡಿಯ ತನ್ನೂರು ನಿಲಂಗಾಕ್ಕೆ ವಾಪಸಾದ ಮೇಲೆ, ಬಿಡಿಭಾಗ ಜೋಡಿಸಿ ಮಾಡುವ, ನಿಜದ ಟ್ಯಾಂಕಿನ ಎಪ್ಪತ್ತೆರಡನೆಯ ಒಂದು ಪಾಲಿನ ಈ ಕಿಟ್ಟುಗಳ ಹುಚ್ಚು ಹಿಡಿಯಿತು. ಪುಣೆ, ನಾಗಪುರದ ಹವ್ಯಾಸಿಗಳು ಹೊಸ ಕಿಟ್ಟು ಬಂದರೆ ಇವನ ಮಾತಿಗೆ ಕಾಯುತ್ತಿದ್ದರು. ಅವನು ಮೊದಲು ಅಂಟು ಹಚ್ಚುತ್ತಿರಲಿಲ್ಲ. ಎರಡು ಹೋಳುಗಳನ್ನು ಒಣದಾಗಿಯೇ ಜೋಡಿಸಿ, ಬೆಸುಗೆಯ ಗೆರೆಯ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಿದ್ದ. ಉಗುರು ತಡೆಯಬಾರದು. ಆಮೇಲೆ ಹಲ್ಲುಗಾಲಿಯ ಹಲ್ಲು ಎಣಿಸುವುದು. ಹದಿಮೂರು ಇರಬೇಕು. ‘ದೇವಣಿ ಎತ್ತಿನ ಬಾಯಿ ನೋಡಿದಂಗ ನೋಡಬೇಕು’ ಅನ್ನುತ್ತಿದ್ದ. ಒಳ್ಳೆಯ ಕಿಟ್ಟಿಗೆ ಅವನು ಏನೂ ಹೇಳುತ್ತಿರಲಿಲ್ಲ. ಕೆಟ್ಟದ್ದಕ್ಕೆ ಒಂದೇ ಮಾತು: ಬೆರಕಿ. ತಳಿ ಕೆಟ್ಟ ದನಕ್ಕೆ ರೈತರು ಹೇಳುವ ಮಾತು.

ನೆನಪು ಸೋರತೊಡಗಿ ಎರಡು ವರ್ಷವಾಗಿತ್ತು. ಮೊದಲು ಬಸ್‌ಸ್ಟ್ಯಾಂಡಿನ ದಾರಿ ಹೋಯಿತು, ಆಮೇಲೆ ತಮ್ಮ ಶರಣಯ್ಯನ ಹೆಸರು, ಆಮೇಲೆ ಅವಳದ್ದು. ಕೆಲವು ದಿನ ಅವಳನ್ನು, ದಾರಿಯಲ್ಲಿ ಎದುರಾದ ಯಾರನ್ನೋ ಕರೆದಂತೆ, ‘ಬಾಯೀ’ ಎನ್ನುತ್ತಿದ್ದ. ಮಗಳು ಮೀನಲ ಲಾತೂರಿನಲ್ಲಿ ಇಂಥವರನ್ನು ಇಟ್ಟು ನೋಡಿಕೊಳ್ಳುವ ಒಂದು ಮನೆ ಹುಡುಕಿದ್ದಳು. ಉಜ್ವಲಾ ಒಪ್ಪಲಿಲ್ಲ. “ಕಿಟ್ಟಿನ ತಪ್ಪು ಇನ್ನಾ ಹಿಡೀತಾರವ್ವಾ. ಮನಶ್ಯಾ ಒಳಗ ಅದಾನ” ಎಂದಿದ್ದಳು. “ಹಿಡಿಯೋತನಾ ಇರಲಿ ಆಯಿ” ಎಂದು ಮೀನಲ ಒಪ್ಪಿದ್ದಳು. ಅಂದಿನಿಂದ ಹದಿನಾಲ್ಕು ತಿಂಗಳಲ್ಲಿ ಆರು ಟ್ಯಾಂಕು. ಒಂದೊಂದರಲ್ಲೂ ಉಜ್ವಲಾ ಒಂದು ತಪ್ಪು ಹೂಳುತ್ತಿದ್ದಳು. ಆರೂ ಸಲ ಅವನ ಬೆರಳು ಸರಿಯಾಗಿ ಅಲ್ಲಿಗೇ ಹೋಗಿತ್ತು.

ಐದನೆಯ ಗಾಲಿ ಒಣಗಿದ ಮೇಲೆ ಟ್ಯಾಂಕನ್ನು ಗಂಡನ ಕೈಗಿಟ್ಟಳು. ಅಷ್ಟರಲ್ಲಿ ಬಾಗಿಲಲ್ಲಿ ಶರಣಯ್ಯನ ಹೆಂಡತಿ ಸುಮಿತ್ರಾಬಾಯಿ.

“ಏನ್ ವೈನಿ, ಇವತ್ತ ಯಾವ ದೇಶದ ಮ್ಯಾಲ ಚಡಾಯಿ ಮಾಡ್ಲತ್ತೀರಿ?”

“ಬರ್ರಿ, ಚಹಾ ಇಡತೀನಿ.” ಉಜ್ವಲಾ ಎದ್ದು ಬಾಗಿಲಿಗೆ ಹೋದಳು.

“ಚಹಾ ಬ್ಯಾಡ್ರಿ. ಬೆಲ್ಪತ್ರಿ ಕೊಟ್ಟ್ ಹೋಗ್ಲಕ್ ಬಂದೀನಿ. ನಿಮ್ಮ ಮೈದುನ ಮಠಾ ಹಿಡದ್ ಕೂತಾರ. ಶ್ರಾವಣ ಬಂತಂದ್ರ ಅವರಿಗಿ ಮನಿ ನೆಪ್ಪೇ ಇರಂಗಿಲ್ಲ.” ಅಂದವಳೇ ಒಳಗೆ ಕೂತ ಭಾವನನ್ನು ಕಂಡು ನಾಲಿಗೆ ಕಚ್ಚಿಕೊಂಡಳು.

ಬಾಗಿಲಲ್ಲಿ ಐದು ನಿಮಿಷವಾದರೂ ಆಗಿರಬೇಕು. ಉಜ್ವಲಾ ತಿರುಗಿದಾಗ ವೈಜನಾಥ ಟ್ಯಾಂಕನ್ನು ಕೊಟ್ಟ ಹಾಗೆಯೇ ಹಿಡಿದುಕೊಂಡಿದ್ದ. ಅವಳ ಕಣ್ಣು ತಾನಾಗಿ ಗಾಲಿಗಳ ಮೇಲೆ ಬಿತ್ತು. ಅವನ ಬೆರಳು ಮೆಲ್ಲಗೆ ಗಾಲಿಗಳ ಮೇಲೆ ಬಂತು.

“ಬೆರಕಿ.”

ಸುಮಿತ್ರಾಬಾಯಿ ನಕ್ಕಳು. “ಭಾವ ಶ್ಯಾಣ್ಯಾ ಅದಾರ. ಟ್ಯಾಂಕ್ ನೋಡೇ ಇಲ್ಲ ವೈನಿ, ನಿಮ್ಮ ಮಕಾ ನೋಡಿ ಹೇಳ್ಯಾರ. ಬಾಜಾರದಾಗ ದಲಾಲ ಹಂಗೇ ಮಾಡ್ತಾನ. ಎತ್ತಿನ ಕಡಿ ನೋಡಂಗಿಲ್ಲ, ಮಾರಾವನ ಕಣ್ಣ ನೋಡ್ತಾನ.”

ಚೇಷ್ಟೆಯ ಮಾತು. ಅಂದವಳು ಅಂದು ಹೋದಳು. ಉಜ್ವಲಾ ಪತ್ರಿಯನ್ನು ಮೇಜಿನ ಮೇಲಿಟ್ಟು ಗಂಡನ ಎದುರು ಕೂತಳು.

ಟ್ಯಾಂಕಿನ ಮುಂದುಗಡೆ ಚಾಲಕ ಇಳಿಯುವ ಮುಚ್ಚಳವಿತ್ತು. ಅದರಲ್ಲಿ ಏನೂ ತಪ್ಪಿರಲಿಲ್ಲ. ಅವಳು ಅದನ್ನೇ ದಿಟ್ಟಿಸಿದಳು. ಬೆರಳು ಗಾಲಿ ಬಿಟ್ಟು ಮುಚ್ಚಳಕ್ಕೆ ಬಂತು. “ಬೆರಕಿ.” ಹಿಂಬದಿಯ ಎಣ್ಣೆಯ ಪೀಪಾಯಿಯನ್ನು ನೋಡಿದಳು. “ಬೆರಕಿ.” ಅವಳು ಕಣ್ಣು ಮುಚ್ಚಿ ಕೂತಳು. ಏನೂ ಕೇಳಿಸಲಿಲ್ಲ. ಇಪ್ಪತ್ತು ಎಣಿಸಿ ಕಣ್ಣು ತೆರೆದಾಗ, ಬೆರಳೆತ್ತಿಕೊಂಡು ಅವನು ಅವಳ ಮುಖವನ್ನೇ ನೋಡುತ್ತಿದ್ದ, ಎಲ್ಲಿ ಇಡಬೇಕೆಂದು ಆಕೆ ಹೇಳಲಿ ಎಂಬಂತೆ.

ಹದಿನಾಲ್ಕು ತಿಂಗಳು ಪರೀಕ್ಷೆ ಇಟ್ಟವಳು ತಾನೇ, ಪಾಸಾದವಳೂ ತಾನೇ. ಒಳಗಿದ್ದ ಮನುಷ್ಯ ಯಾವಾಗಲೋ ಎದ್ದು ಹೋಗಿದ್ದ. ಖಾಲಿ ಕುರ್ಚಿಯ ಜೊತೆ ತಾನು ಮಾತಾಡಿಕೊಂಡು, ಊರಿಗೆಲ್ಲ ಸಾಕ್ಷಿ ಹೇಳಿಕೊಂಡು ಬಂದಿದ್ದೆ ಅನ್ನಿಸಿತು.

ಟ್ಯಾಂಕಿನ ತಲೆ, ತೋಪು ಕೂರಿಸುವ ಗುಂಡನೆಯ ಟರೆಟ್ಟು, ಮೇಜಿನ ಮೇಲೆ ಬೇರೆಯಾಗಿ ಒಣಗುತ್ತಿತ್ತು. ಬಣ್ಣಕ್ಕೆ ಮುಂಚಿನ ಕಪ್ಪು ಲೇಪ ಹಚ್ಚಿದ್ದಳು. ತೋಪು ಇನ್ನೂ ಸಿಕ್ಕಿಸಿರಲಿಲ್ಲ. ವೈಜನಾಥ ಕೈಯಲ್ಲಿದ್ದುದನ್ನು ಬದಿಗಿಟ್ಟು ಅದನ್ನು ಎತ್ತಿಕೊಂಡ. ಎಡ ಅಂಗೈಯ ನಡುವೆ ಇಟ್ಟುಕೊಂಡು, ಕೈಯನ್ನು ಎದೆಯ ಮಟ್ಟಕ್ಕೆ ತಂದು, ಬಲಗೈಯಿಂದ ಏನನ್ನೋ ತಡಕಾಡಿದ.

ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಹುಟ್ಟಿದಾಗ ಕಟ್ಟಿದ ಲಿಂಗ ಕರಡಿಗೆಯೊಳಗೆ ಅವನ ಎದೆಯ ಮೇಲೇ ಇತ್ತು. ಅವನು ವಿಭೂತಿ ಹುಡುಕುತ್ತಿದ್ದ.

ಕಸಿದುಕೊಳ್ಳಬಹುದಿತ್ತು. ಆದರೆ ಪೂಜೆಗೆ ಕೂತವರ ಕೈ ಮುಟ್ಟಬಾರದೆಂದು ಅವಳು ಜಂಗಮ ಸ್ವಾಮಿಗಳ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರವೇ ಕಲಿತಿದ್ದಳು. ಎದ್ದು ವಿಭೂತಿಗಟ್ಟಿ ತಂದು ಪಕ್ಕದಲ್ಲಿಟ್ಟಳು. ಅವನು ಮೂರು ಬೆರಳಿನಿಂದ ಎಳೆದ. ಲೇಪ ಹಸಿಯಿತ್ತು, ಬೂದಿ ಕಚ್ಚಿಕೊಂಡಿತು. ತುಟಿ ಅಲ್ಲಾಡಿತು, ಮೊದಲ ಶಬ್ದದ ಮುಂದಕ್ಕೆ ಏನೂ ಬರಲಿಲ್ಲ, ಅದನ್ನೇ ಮತ್ತೆ ಮತ್ತೆ ಅಂದ. ಒಂದು ಪತ್ರಿ ಏರಿಸಿ, ಅಂಗೈಯನ್ನು ಅವಳ ಕಡೆ ಚಾಚಿದ.

ಅವಳು ತಲೆ ಬಾಗಿಸಿದಳು. ಹತ್ತಿರದಿಂದ ಬಣ್ಣದ ನಾತ ಬಂತು. ಎಲೆಯ ಕೆಳಗೆ ಎರಡು ಹೋಳು ಸರಿಯಾಗಿ ಕೂಡದ ಗೆರೆ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ಕಿಟ್ಟು ಮೂಲದಲ್ಲೇ ಕೆಟ್ಟದ್ದು. ಅದನ್ನು ಈಗ ಯಾರಿಗೆ ಹೇಳಬೇಕು?

ಮಧ್ಯಾಹ್ನ ಮೀನಲಳ ಫೋನು ಬಂತು.

“ಆಯಿ, ಪಪ್ಪಾ ಹಿಡದ್ರೇನು?”

“ಹಿಡದಾರ. ಗಾಲಿ ತಪ್ಪಿತ್ತು.”

“ಬರಂ ಝಾಲಂ, ಚೊಲೋ ಆಯ್ತು. ಮತ್ತ ನೀ ಯಾಕ್ ಹಿಂಗ್ ಮಾತಾಡ್ಲತ್ತಿ?”

“ರೊಟ್ಟಿ ಬಡೀಲತ್ತೀನಿ. ಇಡು.”

ಹಿಟ್ಟನ್ನು ಇನ್ನೂ ಡಬ್ಬಿಯಿಂದ ತೆಗೆದಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಎತ್ತುಗಳ ಹಬ್ಬ ಪೋಳಾಕ್ಕೆ ಹನ್ನೊಂದು ದಿನ ಉಳಿದಿತ್ತು. ಅಂದಿನ ಅಮಾವಾಸ್ಯೆಗೆ ಶ್ರಾವಣ ಮುಗಿಯುತ್ತದೆ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಅವನು ಅಂಗೈಯಲ್ಲಿ ಏನನ್ನು ಇಟ್ಟುಕೊಂಡರೂ ವಿಭೂತಿ ತಂದುಕೊಡುವುದು. ಪೋಳಾದ ಮಾರನೆಯ ದಿನ, ಮೀನಲ ಕೇಳುವ ಮುಂಚೆ, ತಾನೇ ಫೋನು ಮಾಡಿ ಪಪ್ಪಾನನ್ನು ಲಾತೂರಿನ ಆ ಮನೆಗೆ ಕರೆದುಕೊಂಡು ಹೋಗು ಎಂದು ಹೇಳುವುದು. ಉಜ್ವಲಾ ಇಷ್ಟನ್ನು ನಿಶ್ಚಯಿಸಿಕೊಂಡು, ಡಬ್ಬಿಯ ಮುಚ್ಚಳ ತೆಗೆದಳು.

“ಬಾಯೀ, ಹಸಿವಾಗ್ಯಾದ” ಎಂದ ವೈಜನಾಥ ಒಳಗಿನಿಂದ.

“ಬಂದೆರೀ” ಅಂದಳು.