ಮಾವ ಟಿಕೆಟ್ ಕೇಳಿದ್ದು

ಮಾತಿನ ನಡುವೆ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈಯನ್ನು ಎದುರಿನವರ ಮುಖಕ್ಕೆ ಹಿಡಿಯುವುದು ನಮ್ಮ ಸೋದರಮಾವನ ಪದ್ಧತಿ. ಆ ಕೈ ಮೇಲೆದ್ದಿತೆಂದರೆ, ಅವರ ಗಂಟಲಲ್ಲಿ ಶಬ್ದವೊಂದು ಸಿಕ್ಕಿಕೊಂಡಿದೆ, ಅದನ್ನು ಅವರೇ ಬಿಡಿಸಿಕೊಳ್ಳುತ್ತಾರೆ, ಮಿಕ್ಕವರು ತೆಪ್ಪಗಿರತಕ್ಕದ್ದು ಎಂದು ಅರ್ಥ.

ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ ಮನುಷ್ಯ. ಅರಳು ಹುರಿದಂಥ ಆ ಮಾತಿಗೆ ಪಾರ್ಶ್ವವಾಯು ಬಡಿದು, ಕಾಲು ಹೇಗೋ ಚೇತರಿಸಿಕೊಂಡರೂ ನಾಲಿಗೆ ಹಿಂದೆ ಉಳಿಯಿತು. ಬಲಗಾಲನ್ನು ಎಳೆದು ನಡೆಯುವುದರಿಂದ ಆ ಕಾಲಿನ ಬೂಟಿನ ಮೂತಿ ಮಾತ್ರ ಸವೆದಿರುತ್ತದೆ. ದೊಡ್ಡ ಜೇಬುಗಳ ಕಂದು ಕೋಟು ಮಾತ್ರ ಹರಾಜಿನ ಕಾಲದ್ದೇ. ಊರಿನಲ್ಲಿ ಅವರನ್ನು ಅರಿಯದವರಿಲ್ಲ, ಆದ್ದರಿಂದ ಅವರ ವಾಕ್ಯವನ್ನು ತಾವೇ ಮುಗಿಸಿಕೊಡುವ ಪುಣ್ಯಾತ್ಮರಿಗೂ ಬರವಿರಲಿಲ್ಲ. ಅತ್ತೆಯಂತೂ ಅವರು ಬಾಯಿ ತೆರೆಯುವುದರೊಳಗೆ ಪ್ರಶ್ನೆಯನ್ನು ಕೇಳಿ, ಉತ್ತರವನ್ನೂ ಕೊಟ್ಟು, ಮಾತುಕತೆಯನ್ನೇ ಮುಗಿಸಿಬಿಡುತ್ತಿದ್ದರು. ಬರಬರುತ್ತ ಮಾವ ಹೊರಗೆ ಹೋಗುವುದನ್ನೇ ಬಿಟ್ಟರು. ಹೊಸಬರ ಜೊತೆ ಮಾತಾಡದಿದ್ದರೆ ಉಳಿದಿರುವ ಮಾತೂ ಕೈಬಿಡುತ್ತದೆಂದು ವೈದ್ಯರು ಎಚ್ಚರಿಸಿದ್ದರು.

ಆಗಲೇ ಮಾವ ಕೋಟೆ, ಅರಮನೆಗಳ ಹಳೆಯ ನಗರವೊಂದಕ್ಕೆ ಹೋಗೋಣವೆಂದು ಹಟ ಹಿಡಿದದ್ದು, ಅದೂ ಪ್ರವಾಸಿಗರ ಕಾಲ ಮುಗಿದ ಮೇಲೆ. ಅರಸರ ಮೇಲೆ ಇದೇನು ಇದ್ದಕ್ಕಿದ್ದಂತೆ ಪ್ರೀತಿ ಎಂದು ನಾನು ನಕ್ಕಿದ್ದೆ. ಅತ್ತೆಯೂ ನಾನೂ ಜೊತೆಗೆ ಹತ್ತಿ, ರೈಲು ಹೊರಟ ಮೇಲೆ ಅವರು ತಮ್ಮ ಷರತ್ತನ್ನು ಹೇಳಿದರು.

"ಅಲ್ಲಿ... ಹೊರಗಿನವರ ಹತ್ರ... ನಾನು ಮಾತ್ರ. ನೀವಿಬ್ಬರೂ... ಬಾಯಿಗೆ ಬೀಗ."

ನಗರ ಆಕಳಿಸುತ್ತಿತ್ತು. ಉಪಾಹಾರ ಗೃಹಗಳಲ್ಲಿ ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿದ್ದವು. ಅಂಗಡಿಯವರಿಗೆ ಯಾರಾದರೂ ಮಾತಾಡಿಸಿದರೆ ಸಾಕಾಗಿತ್ತು. ಎದುರಿಗೇ ಫಲಕವಿದ್ದರೂ ಮಾವ ದಾರಿ ಕೇಳುವರು. ಕೇಳಿಸಿಕೊಳ್ಳುವವರು ಕೈಕಟ್ಟಿ ಕಾಯುವರು. ಒಮ್ಮೆ ಟೀ ಎನ್ನಲು ಹೋಗಿ ಕಾಫಿ ಎಂದುಬಿಟ್ಟರು. ಅತ್ತೆ ತಿದ್ದಲು ಬಾಯಿ ತೆರೆದರು, ಅಂಗೈ ಮೇಲೆದ್ದಿತು. ಜನ್ಮದಲ್ಲೇ ಸೇರದ ಕಾಫಿಯನ್ನು ತಳದವರೆಗೂ ಕುಡಿದು, ಬಟ್ಟಲನ್ನು ಸರಿಸಿ, "ಈಗ... ಟೀ" ಎಂದರು. ನನಗೆ ನಗುವೂ ಬಂತು, ಹೆಮ್ಮೆಯೂ ಆಯಿತು.

ಕೊನೆಯ ದಿನ ಕೋಟೆಯ ಟಿಕೆಟ್ ಕಿಟಕಿಯ ಮುಂದೆ ಮಾವ ನಿಂತಾಗ, ಯಾವುದೋ ಕಾರ್ಖಾನೆಯ ನೌಕರರನ್ನು ತುಂಬಿಕೊಂಡ ಬಸ್ಸೊಂದು ಬಂದು, ನೋಡನೋಡುತ್ತಿದ್ದಂತೆ ನಮ್ಮ ಹಿಂದೆ ಉದ್ದನೆಯ ಸಾಲು ಬೆಳೆಯಿತು. ಮಾವ "ಮೂ..." ಎಂದರು. ಶಬ್ದ ಅಲ್ಲೇ ನಿಂತಿತು.

"ಸ್ವಲ್ಪ ಬೇಗ ಆಗ್ಲಿ ಸ್ವಾಮೀ," ಎಂದು ಹಿಂದಿನಿಂದ ಒಬ್ಬರು.

"ಮೂರು ಟಿಕೆಟ್ ಅಂತೆ, ಕೊಟ್ಟು ಕಳಿಸ್ರಿ ಪಾಪ," ಎಂದು ಇನ್ನೊಬ್ಬರು.

ಗುಮಾಸ್ತ ಮೂರು ಟಿಕೆಟ್ ಹರಿದು ಮುಂದಿಟ್ಟ. ಮಾವ ಅವನ್ನು ಹಾಗೇ ಹಿಂದಕ್ಕೆ ತಳ್ಳಿದರು. ಅವರ ಕುತ್ತಿಗೆಯ ನರಗಳು ಉಬ್ಬಿದ್ದವು, ಸಾಲು ಗೊಣಗುತ್ತಿತ್ತು. ಇಲ್ಲಿ ಸೋತರೆ ಈ ಮನುಷ್ಯ ಊರಿಗೆ ಹೋಗಿ ಇನ್ನು ಬಾಯಿ ತೆರೆಯುವುದಿಲ್ಲವೆಂದು ನನಗೆ ದಿಗಿಲಾಯಿತು. ಅಷ್ಟರಲ್ಲಿ ಅತ್ತೆ ಮುಂದೆ ನುಗ್ಗಿದರು. ಎಲ್ಲ ಕೆಟ್ಟಿತು ಎಂದುಕೊಂಡೆ. ಅವರು ಕಿಟಕಿಗೆ ಬೆನ್ನು ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇಡೀ ಸಾಲಿಗೆ ಎದುರಾಗಿ ನಿಂತರು.

"ಅವ್ರು ಮಾತಾಡ್ತಾ ಇದ್ದಾರೆ. ಮುಗಿಸೋ ತನಕ ಯಾರೂ ಉಸಿರೆತ್ತಬೇಡಿ!"

ಸಾಲು ಗಪ್‌ಚಿಪ್ಪಾಯಿತು. ಆ ಮೌನದಲ್ಲಿ ಮಾವ ಆತುರಪಡದೆ, ಒಂದೊಂದೇ ಮಾತನ್ನು ಎತ್ತಿ ಇಟ್ಟರು.

"ಮೂರು... ಬುರುಜಿಗೆ. ತುದೀ... ತನಕ ಹತ್ತೋ... ಟಿಕೆಟ್ಟು."

ಗುಮಾಸ್ತ ಕೊಟ್ಟಿದ್ದದ್ದು ಕೆಳಗಿನ ಅಂಗಳದ ಟಿಕೆಟ್ಟು. ಎಳೆಯುವ ಕಾಲಿನ ಮನುಷ್ಯನಿಗೆ ಅಷ್ಟು ಸಾಕೆಂದು ಅವನು ಎಣಿಸಿದ್ದ. ನಿಜ ಹೇಳಬೇಕೆಂದರೆ ನಾನೂ, ಅತ್ತೆಯೂ ಹಾಗೆಯೇ ಎಣಿಸಿದ್ದೆವು. ಅತ್ತೆ ಕಣ್ಣೊರೆಸಿಕೊಂಡು, "ನಡೀರಿ, ಹತ್ತೋಣ" ಎಂದರು. ಹತ್ತಿದೆವು, ಮೆಟ್ಟಿಲು ಮೆಟ್ಟಿಲಿಗೂ ನಿಂತು.

ಒದಗಿಬಂದ ನೆರವನ್ನು ತಳ್ಳುವ ಇಂಥವರನ್ನು ಲೋಕ ಹಟಮಾರಿಗಳೆನ್ನುತ್ತದೆ. ಅವರ ತಡವರಿಕೆಯನ್ನು ಕಂಡು ಕರಗುವ ನಾವು, ಅವರ ಆಸೆಯನ್ನೂ ನಮ್ಮ ಅಳತೆಗೆ ಕತ್ತರಿಸಿ ಅವರ ಬಾಯಲ್ಲಿಟ್ಟು, ಉಪಕಾರ ಮಾಡಿದೆವೆಂದು ಸಮಾಧಾನಪಡುತ್ತೇವೆ. ಇಂಥವರು ಬುರುಜನ್ನು ಕೇಳಲು ಹೊರಟಿರುತ್ತಾರೆ. ಅವರ ಮಾತು ಮುಗಿಯುವವರೆಗೆ ಕಾಯಲಾರದ ನಮ್ಮ ಪ್ರೀತಿ ಅವರಿಗೆ ಅಂಗಳವನ್ನು ಕೊಟ್ಟು ಕಳಿಸುತ್ತದೆ.